ಮನೇಲಿ ವಯಸ್ಸಾದ ನಾಯಿ ಇದೆ, ಬೀದಿ ಮರಿಯನ್ನ ಫಾಸ್ಟರ್ ಮಾಡಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಲ್ಯಾಬ್ರಡಾರ್ ಇದೆ. ಏರಿಯಾದ ವಾಲಂಟಿಯರ್ ಒಬ್ಬರು ಚರಂಡಿಯಲ್ಲಿ ಸಿಕ್ಕ ಎರಡು ತಿಂಗಳ ಇಂಡಿ (ನಮ್ಮ ಬೀದಿಯ ದೇಸಿ ನಾಯಿ) ಮರಿಯನ್ನ ದತ್ತು ಹೋಗೋ ತನಕ ಇಟ್ಟುಕೊಳ್ಳಿ ಅಂತ ಕೇಳುತ್ತಿದ್ದಾರೆ. ನಮ್ಮ ನಾಯಿಗೆ ಏನಾದರೂ ಅಂಟಿದರೆ? ಮಗಳು ಹಚ್ಚಿಕೊಂಡುಬಿಟ್ಟರೆ?

ಪಶುವೈದ್ಯರ ಉತ್ತರ: ಧಾರಾಳವಾಗಿ ಮಾಡಿ, ಆದರೆ ಒಂದು ಕೋಣೆಯನ್ನ ಪೂರ್ತಿ ಬಿಟ್ಟುಕೊಡೋಕೆ ಆಗುತ್ತಾ ಅಂತ ಮೊದಲು ನೋಡಿ. ಆಗಲ್ಲ ಅಂದರೆ ಬೇಡ ಅನ್ನಿ, ತಪ್ಪೇನಿಲ್ಲ. ಮರಿ ಚುರುಕಾಗಿ ಓಡಾಡುತ್ತಿದ್ದರೂ ಒಳಗೆ ಪಾರ್ವೋ (ಮರಿಗಳ ಜೀವಕ್ಕೇ ಕುತ್ತು ತರೋ ವಾಂತಿ-ಭೇದಿಯ ವೈರಸ್ ಕಾಯಿಲೆ) ಇರಬಹುದು, ಲಕ್ಷಣ ಕಾಣೋಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಡಿಸ್ಟೆಂಪರ್ ಅನ್ನೋ ಇನ್ನೊಂದು ವೈರಸ್ ಕಾಯಿಲೆಗೆ ಇನ್ನೂ ಜಾಸ್ತಿ. ಅದಕ್ಕೇ ಮೊದಲ 14 ದಿನ ಮರಿ ಬೇರೆ ಕೋಣೆಯಲ್ಲೇ ಇರಲಿ. ಬಟ್ಟಲು, ಹಾಸಿಗೆ, ನೆಲ ಒರೆಸೋ ಬಟ್ಟೆ ಎಲ್ಲಾ ಬೇರೆ. ಮೊದಲು ನಿಮ್ಮ ನಾಯಿಯ ಊಟ, ವಾಕಿಂಗ್ ಮುಗಿಸಿ, ಆಮೇಲೆ ಮರಿ ಹತ್ತಿರ ಹೋಗಿ, ಹೊರಗೆ ಬಂದ ತಕ್ಷಣ ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ. ಪಾರ್ವೋ ವೈರಸ್ ತಿಂಗಳುಗಟ್ಟಲೆ ನೆಲದಲ್ಲೇ ಬದುಕುತ್ತೆ, ಫಿನಾಯಿಲ್‌ಗೆ ಜಗ್ಗಲ್ಲ. ನೆಲ ತೊಳೆದ ಮೇಲೆ ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ನಿಮ್ಮ ಲ್ಯಾಬ್‌ಗೆ ಲಸಿಕೆ ತಪ್ಪಿದ್ದರೆ ಮರಿ ಬರೋಕೆ ಮುಂಚೆ ನಿಮ್ಮ ಡಾಕ್ಟರ್‌ಗೆ ತೋರಿಸಿ.

ಮರಿಗೆ ಪ್ಯಾಕೆಟ್ ಹಾಲು ಹಾಕಬೇಡಿ, ಭೇದಿ ಶುರುವಾಗುತ್ತೆ. ಅನ್ನ, ಬೇಯಿಸಿದ ಕೋಳಿ ಅಥವಾ ನೆನೆಸಿದ ಪಪ್ಪಿ ಫುಡ್ ಸಾಕು. ವಾಂತಿ, ರಕ್ತ ಭೇದಿ, ಊಟ ಬಿಟ್ಟು ಮೂಲೆ ಸೇರೋದು, ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ದುಡ್ಡಿನ ಮಾತು ಈಗಲೇ ಆಡಿ. ಲಸಿಕೆ, ಜಂತುಹುಳದ ಔಷಧಿ, ರಾತ್ರಿ ಎಮರ್ಜೆನ್ಸಿ ಖರ್ಚು ಯಾರದು, ಯಾವ ಕ್ಲಿನಿಕ್ಕು, ನೀವು ಊರಿಗೆ ಹೋದರೆ ಮರಿ ಎಲ್ಲಿರುತ್ತೆ, ಎಲ್ಲಾ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. "ಒಂದು ವಾರ ಅಷ್ಟೇ ಅಕ್ಕಾ" ಅಂತಾರಲ್ಲ, ಅದನ್ನ ನಂಬಬೇಡಿ. ಪಾಪ, ಸುಳ್ಳು ಹೇಳೋ ಉದ್ದೇಶ ಅವರಿಗಿರಲ್ಲ, ಆದರೆ ಇಂಡಿ ಮರಿಗೆ ಮನೆ ಸಿಗೋದು ಅಷ್ಟು ಸಲೀಸಲ್ಲ. ಮನೆ ಓನರ್‌ಗೂ ಮೊದಲೇ ಹೇಳಿಬಿಡಿ.

ಮಗಳಿಗೆ ಮೊದಲ ದಿನವೇ ಇದು ನೆಂಟರ ಮರಿ ಇದ್ದ ಹಾಗೆ ಅಂತ ಹೇಳಿ. ಹಚ್ಚಿಕೊಳ್ಳುತ್ತಾಳೆ, ಅಳುತ್ತಾಳೆ, ಇರಲಿ. ಅವಳಿಗೊಂದು ಕೆಲಸ ಕೊಡಿ, ಮರಿ ಹೇಗೆ ಅಂತ ದಿನಾ ಬರೆದಿಡೋದು. "ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಓಡುತ್ತೆ, ಎರಡು ನಿಮಿಷಕ್ಕೆ ತಾನೇ ಬರುತ್ತೆ. ಹೆಲ್ಮೆಟ್ ಹಾಕಿದವರನ್ನ ಕಂಡರೆ ಬೊಗಳುತ್ತೆ. ಪೇಪರ್ ಮೇಲೆ ಉಚ್ಚೆ ಮಾಡೋದು ಕಲಿತಿದೆ." ಶೆಲ್ಟರ್‌ನ ಗಲಾಟೆಯಲ್ಲಿ ಇದು ಗೊತ್ತಾಗಲ್ಲ, ಮನೆಯಲ್ಲಿದ್ದರೆ ಮಾತ್ರ ಗೊತ್ತಾಗೋದು. ದತ್ತು ಕೇಳೋರಿಗೆ ಬೇಕಾಗಿರೋದೂ ಇದೇ. ಪಾಪದ ಮುಖದ ಫೋಟೋ ನೋಡಿ ಲೈಕ್ ಒತ್ತೋರು ನೂರು ಜನ, ಬಂದು ಕರೆದುಕೊಂಡು ಹೋಗೋರು ಬೇರೆ. ನೀವೇ ಇಟ್ಟುಕೊಳ್ಳೋಣ ಅನ್ನಿಸಿದರೆ ಲ್ಯಾಬ್ ಮುಖ ನೋಡಿ ನಿರ್ಧರಿಸಿ, ಮಂಡಿ ನೋವಿನ ವಯಸ್ಸಲ್ಲಿ ದಿನವಿಡೀ ಕಿವಿ ಕಚ್ಚಿಸಿಕೊಳ್ಳೋದು ಎಲ್ಲಾ ನಾಯಿಗೂ ಆಗಿಬರಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಗೋಡೌನ್ ಹಿಂದೆ ನಾಯಿಯೊಂದು ಮರಿ ಹಾಕಿದೆ, ಮೂರು ವಾರ ಆಗಿರಬಹುದು. ಮರಿಗಳನ್ನ ತಂದು ಸಾಕಿ ದತ್ತು ಕೊಡಲಾ?

ಉತ್ತರ: ತಾಯಿ ಬಂದು ಹಾಲು ಕುಡಿಸುತ್ತಿದ್ದರೆ ಮುಟ್ಟಬೇಡಿ. ತಾಯಿಗೆ ಊಟ, ನೀರು ಇಡಿ, ಮಳೆ ಬೀಳದ ಹಾಗೆ ಏನಾದರೂ ಮರೆ ಕಟ್ಟಿ. ಎಂಟು ವಾರ ಆದ ಮೇಲೆ ಮನೆ ಹುಡುಕಿ. ಮರಿ ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಮಾಡಿಸೋಕೆ ಪಾಲಿಕೆಗೆ ಹೇಳಿ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್, ರೇಬೀಸ್ ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು, ಹಾಗಾಗಿ ಯಾವಾಗ ತಂದು ಬಿಡುತ್ತೀರಿ ಅಂತ ಕೇಳಿಟ್ಟುಕೊಳ್ಳಿ.