ಉರಿಯ ಪಕ್ಕದಲ್ಲಿ ಕೂತ ಡಬ್ಬಿ

ಪ್ರಶ್ನೆ: ನಾವು ಆರು ಜನ ಗೆಳೆಯರು ರಜೆಯಲ್ಲಿ ಟೆಂಟ್ ಹಾಕಿ ಉಳಿಯಲು ಹೊರಟಿದ್ದೇವೆ. ಬ್ಯುಟೇನ್ ಡಬ್ಬಿಯನ್ನು ಪಕ್ಕದಲ್ಲಿ ಮಲಗಿಸಿ ಹಾಕುವ ಚಪ್ಪಟೆ ಸ್ಟವ್ ಒಂದು ತಂದಿದ್ದೇವೆ. ಮನೆಯಂಗಳದಲ್ಲಿ ಹಚ್ಚಿ ನೋಡಿದಾಗ ಉರಿ ಭುಗ್ ಎಂದು ಒಂದು ಅಡಿ ಮೇಲೆದ್ದಿತು. ಹೆದರಿ ಆರಿಸಿಬಿಟ್ಟೆವು. ಸ್ಟವ್ ಕೆಟ್ಟಿದೆಯಾ? ದೊಡ್ಡ ಪಾತ್ರೆ ಇಟ್ಟು ಎಲ್ಲರಿಗೂ ಒಟ್ಟಿಗೇ ಅಡುಗೆ ಮಾಡಬಹುದಾ? ಮಳೆ ಬಂದರೆ ಟೆಂಟಿನೊಳಗೆ ಹಚ್ಚಬಹುದಾ?

ಉತ್ತರ: ಹೊರಡುವ ಮೊದಲೇ ಹಚ್ಚಿ ನೋಡಿದಿರಲ್ಲ, ತುಂಬಾ ಒಳ್ಳೆಯದಾಯಿತು. ಸ್ಟವ್ ಕೆಟ್ಟಿರಲಾರದು. ಡಬ್ಬಿ ತಿರುಗಿ ಕೂತಿರಬೇಕು ಅನ್ನಿಸುತ್ತದೆ.

ಡಬ್ಬಿಯ ಕತ್ತಿನ ಸುತ್ತ ಒಂದು ಲೋಹದ ಅಂಚು ಇದೆ. ಅದರಲ್ಲಿ ಒಂದೇ ಒಂದು ಕಡೆ ಸಣ್ಣ ಕಚ್ಚು ಇರುತ್ತದೆ, ಬೆರಳಿನಲ್ಲಿ ಸವರಿದರೂ ಸಿಗುತ್ತದೆ. ಆ ಕಚ್ಚು ಮೇಲಕ್ಕೆ ಇರಬೇಕು, ಸ್ಟವ್‌ನಲ್ಲಿರುವ ಪುಟ್ಟ ನಾಲಿಗೆಗೆ ಸರಿಯಾಗಿ ಕೂರಬೇಕು. ಇದು ಸುಮ್ನೆ ಗುರುತಿಗಾಗಿ ಇಟ್ಟದ್ದಲ್ಲ. ಡಬ್ಬಿಯೊಳಗಿನ ಬ್ಯುಟೇನ್ ಬಹುಪಾಲು ದ್ರವವಾಗಿಯೇ ಇರುತ್ತದೆ. ಮಲಗಿಸಿದಾಗ ದ್ರವ ತಳಕ್ಕೆ, ಅನಿಲ ಮೇಲಕ್ಕೆ. ಬಾಯಿಯಿಂದ ಒಳಕ್ಕೆ ಹೋಗುವ ಕೊಳವೆಯನ್ನು ಕಚ್ಚಿನ ಕಡೆಗೇ ಬಗ್ಗಿಸಿರುತ್ತಾರೆ. ಕಚ್ಚು ಮೇಲಿದ್ದರೆ ಅದು ಅನಿಲ ಎಳೆಯುತ್ತದೆ. ಕೆಳಗಾದರೆ ದ್ರವವೇ ಬರ್ನರ್‌ಗೆ ಹೋಗುತ್ತದೆ. ಒಂದು ಲೋಟ ದ್ರವ ಅನಿಲವಾದರೆ 200 ಲೋಟಕ್ಕೂ ಜಾಸ್ತಿ ಜಾಗ ಬೇಕು. ಉರಿ ಅಡಿಯೆತ್ತರ ಎದ್ದಿದ್ದು ಯಾಕೆಂದು ಈಗ ಗೊತ್ತಾಯಿತಲ್ವಾ? ಸ್ಟವ್ ಓರೆಯಾಗಿದ್ದರೂ, ಉರಿಯುತ್ತಿರುವಾಗ ಎತ್ತಿ ಬೇರೆ ಕಡೆ ಇಟ್ಟರೂ ಹೀಗೆಯೇ ಆಗುತ್ತದೆ.

ನಾನು 20 ವರ್ಷಗಳಿಂದ ಬೆಟ್ಟ ಹತ್ತುವ ಗುಂಪುಗಳಿಗೆ ಅಡುಗೆ ಮಾಡುತ್ತಾ ಬಂದಿದ್ದೇನೆ. ಮೊದಮೊದಲು ಒಂದು ಸಂಜೆ ಕತ್ತಲಲ್ಲೇ ಡಬ್ಬಿಯನ್ನು ಒತ್ತಿ ಕೂರಿಸಿದ್ದೆ. ಡಬ್ಬಿಯನ್ನು ಸ್ಟವ್‌ಗೆ ಹಿಡಿಸುವ ಲಿವರ್ ಬಿಗಿಯಾಗಿತ್ತು. ಬಲ ಹಾಕಿ ಇಳಿಸಿದೆ. ಹಚ್ಚಿದ ಕೂಡಲೇ ಬಲಗೈ ಮೇಲಿನ ಕೂದಲು ಮೊಣಕೈವರೆಗೆ ಸುಟ್ಟುಹೋಯಿತು. ಆ ಕಮಟು ವಾಸನೆ ನನಗಿನ್ನೂ ಮರೆತಿಲ್ಲ. ಅಂದಿನಿಂದ ಟಾರ್ಚ್ ಹಿಡಿದು ಕಚ್ಚು ಕಣ್ಣಿಗೆ ಕಾಣದೆ ಲಿವರ್ ಮುಟ್ಟುವುದಿಲ್ಲ. ಲಿವರ್ ತಾನಾಗಿ ಇಳಿಯದಿದ್ದರೆ ಡಬ್ಬಿ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಬಲ ಹಾಕಬೇಡಿ, ತೆಗೆದು ಮತ್ತೆ ಕೂರಿಸಿ. ಇಳಿಸಿದ ಮೇಲೆ ಕಿವಿ ಹತ್ತಿರ ತಂದು ಕೇಳಿ. ಸುಯ್ಯೆನ್ನುವ ಸದ್ದು, ಗ್ಯಾಸ್ ವಾಸನೆ ಎರಡೂ ಇರಬಾರದು. ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ದೊಡ್ಡ ಪಾತ್ರೆ. ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ಈ ಸ್ಟವ್‌ನಲ್ಲಿ ಡಬ್ಬಿ ಉರಿಯಿಂದ ಒಂದು ಗೇಣು ದೂರದಲ್ಲಿ ಕೂತಿರುತ್ತದೆ. ಅಗಲದ ತಳ ಡಬ್ಬಿಯ ಮೇಲೂ ಚಾಚಿದರೆ ಕಾವು ಮೇಲಿಂದ ಅದರ ಮೇಲೆ ಇಳಿಯುತ್ತದೆ. ಒಳಗಿನ ಒತ್ತಡ 20 ಡಿಗ್ರಿಯಲ್ಲಿ ಹೊರಗಿನ ಗಾಳಿಗಿಂತ ಎರಡರಷ್ಟು ಇದ್ದರೆ, 50 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಐದರಷ್ಟಾಗುತ್ತದೆ. 50 ಡಿಗ್ರಿ ದಾಟಿಸಬೇಡಿ ಎಂದು ಡಬ್ಬಿಯ ಮೇಲೆ ಬರೆದಿರುವುದು ಇದಕ್ಕೇ. ಪಾತ್ರೆಯ ತಳ ಡಬ್ಬಿ ಕೂರುವ ಗೂಡಿನ ಮುಚ್ಚಳದವರೆಗೆ ಬರಬಾರದು. ಆರು ಜನರಿಗೆ ಸಾಲುವ ಪಾತ್ರೆ ಹಾಗೆ ಚಾಚುವಂತಿದ್ದರೆ ಚಿಕ್ಕದರಲ್ಲಿ ಎರಡು ಸಲ ಬೇಯಿಸಿ. ಸ್ವಲ್ಪ ತಡವಾಗುತ್ತದೆ, ಆಗಲಿ ಬಿಡಿ. ಎರಡು ಸ್ಟವ್ ಅಂಟಿಸಿಟ್ಟು ಮೇಲೆ ಒಂದು ಹಂಡೆ ಇಡುವುದು, ಗಾಳಿಗೆ ತಡೆ ಎಂದು ಸುತ್ತಲೂ ತಗಡು ಮುಚ್ಚುವುದು, ಬರ್ನರ್ ಸುತ್ತ ಅಲ್ಯೂಮಿನಿಯಂ ಹಾಳೆ ಹಾಸುವುದು, ಎಲ್ಲವೂ ಡಬ್ಬಿಯನ್ನೇ ಬೇಯಿಸುವ ದಾರಿಗಳು.

ನಾನು ಅಡುಗೆ ಮಾಡುವಾಗ ಆಗಾಗ ಆ ಗೂಡಿನ ಮುಚ್ಚಳದ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತೇನೆ. ಬೆಚ್ಚಗಾಗಿದ್ದರೆ ತಕ್ಷಣ ಆರಿಸುತ್ತೇನೆ. ಎಷ್ಟೋ ಸ್ಟವ್‌ಗಳಲ್ಲಿ ಒತ್ತಡ ಏರಿದರೆ ಡಬ್ಬಿಯನ್ನು ತಾನಾಗಿ ಕಳಚಿ ಉರಿ ಆರಿಸುವ ಏರ್ಪಾಡು ಇದೆ. ಹಾಗೆ ಟಕ್ ಎಂದು ಆರಿದರೆ ಮತ್ತೆ ಒತ್ತಿ ಹಚ್ಚಬೇಡಿ. ಸ್ಟವ್ ನಿಮಗೇನೋ ಹೇಳುತ್ತಿದೆ. ಪೂರ್ತಿ ತಣ್ಣಗಾಗಲಿ, ಪಾತ್ರೆ ಬದಲಿಸಿ.

ಇನ್ನೊಂದು ಮಾತು. ಹೊಸ ಸ್ಟವ್ ಪೆಟ್ಟಿಗೆಯಲ್ಲಿ ಹಿಡಿಸಲಿ ಎಂದು ಪಾತ್ರೆ ಇಡುವ ಸ್ಟ್ಯಾಂಡ್ ಅನ್ನು ಎಷ್ಟೋ ಸಲ ತಲೆಕೆಳಗಾಗಿ ಇಟ್ಟಿರುತ್ತಾರೆ. ಅದನ್ನು ತಿರುಗಿಸಿ ಹಾಕದೆ ಅಡುಗೆಗೆ ಕೂರಬೇಡಿ. ಹಾಗೇ ಬಿಟ್ಟರೆ ಪಾತ್ರೆ ಬರ್ನರ್‌ಗೆ ತೀರಾ ಹತ್ತಿರ ಬರುತ್ತದೆ, ಉರಿಗೆ ಉಸಿರು ಕಟ್ಟುತ್ತದೆ.

ಟೆಂಟಿನೊಳಗೆ ಹಚ್ಚಬಹುದಾ? ಬೇಡ. ಬಾಗಿಲು ತೆರೆದಿದ್ದರೂ ಬೇಡ, ಚಳಿ ಕಾಯಿಸಲಂತೂ ಬೇಡವೇ ಬೇಡ. ಒಮ್ಮೆ ಮಳೆಯಲ್ಲಿ ನಮ್ಮ ಗುಂಪಿನ ಇಬ್ಬರು ಬಾಗಿಲ ಜಿಪ್ ಅರ್ಧ ತೆರೆದಿಟ್ಟು ಒಳಗೇ ನೀರು ಕಾಯಿಸಿದರು. ಸ್ವಲ್ಪ ಹೊತ್ತಿಗೆ ತಲೆನೋವು, ಹೊಟ್ಟೆ ತೊಳಸುವುದು. ದಣಿವು ಅಂದುಕೊಂಡು ಮಲಗಲು ಹೊರಟಿದ್ದರು. ನಾನು ಬೈದು ಇಬ್ಬರನ್ನೂ ಹೊರಗೆಳೆದು, ಮಳೆಯಲ್ಲೇ ಕೂರಿಸಿದೆ. ಆಮೇಲೆ ಆಸ್ಪತ್ರೆಗೂ ಕರೆದೊಯ್ದೆವು. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅವರು ಮಲಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಡಬ್ಬಿ ಬದಲಿಸುವುದೂ ಹೊರಗೇ ಆಗಲಿ, ಬೇರೆ ಯಾವ ಉರಿಯೂ ಹತ್ತಿರ ಇಲ್ಲದ ಕಡೆ. ಬ್ಯುಟೇನ್ ಗಾಳಿಗಿಂತ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೀರಿನ ಹಾಗೆ ಟೆಂಟಿನ ತಳದಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಚಳಿಯ ಬೆಳಗ್ಗೆ ಡಬ್ಬಿಯಲ್ಲಿ ಗ್ಯಾಸ್ ಇದ್ದರೂ ಉರಿ ಸಣ್ಣಗಾಗುತ್ತದೆ. ಬಿಸಿನೀರಿನಲ್ಲಿ ಡಬ್ಬಿ ಇಡು ಎನ್ನುತ್ತಾರೆ. ಸರಿಯಾ?

ಉತ್ತರ: ಬೇಡ. ಬ್ಯುಟೇನ್ ಆವಿಯಾಗುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಆವಿಯಾಗುವಾಗ ಡಬ್ಬಿಯ ಕಾವನ್ನೂ ಹೀರಿಕೊಳ್ಳುತ್ತದೆ, ಅದಕ್ಕೇ ಹೊರಗೆಲ್ಲ ಬೆವರಿದಂತೆ ಕಾಣುವುದು. ಎರಡು ಡಬ್ಬಿ ಒಯ್ಯಿರಿ. ಒಂದು ಉರಿಯುವಾಗ ಇನ್ನೊಂದು ನಿಮ್ಮ ಜಾಕೆಟ್ಟಿನೊಳಗೆ ಇರಲಿ. ಮೈ ಕಾವೇ ಸಾಕು. ತೀರಾ ಚಳಿಯ ಜಾಗಕ್ಕೆ ಪ್ರೊಪೇನ್ ಬೆರೆಸಿದ ಡಬ್ಬಿ ಸಿಗುತ್ತದೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಆವಿಯಾಗುತ್ತದೆ. ಅದರ ಒತ್ತಡ ಜಾಸ್ತಿ. ಹಾಗಾಗಿ ನಿಮ್ಮ ಸ್ಟವ್‌ನ ಕೈಪಿಡಿ ಒಪ್ಪಿದರೆ ಮಾತ್ರ ಬಳಸಿ.

ಪ್ರಶ್ನೆ: ಅರ್ಧ ಉಳಿದ ಡಬ್ಬಿಯನ್ನು ಸ್ಟವ್‌ನಲ್ಲೇ ಬಿಟ್ಟು ಕಾರಿನಲ್ಲಿ ಇಡಬಹುದಾ?

ಉತ್ತರ: ಬಿಸಿಲಿಗೆ ನಿಂತ ಕಾರಿನೊಳಗೆ ಡಬ್ಬಿಯನ್ನು ಯಾವತ್ತೂ ಬಿಡಬೇಡಿ. ಅಡುಗೆ ಮುಗಿದು ಸ್ಟವ್ ತಣ್ಣಗಾದ ಕೂಡಲೇ ಡಬ್ಬಿ ಕಳಚಿ, ಕೆಂಪೋ ಬಿಳಿಯೋ ಇರುವ ಆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ಮುಚ್ಚಳ ಕಳೆದುಹೋಗುವುದು ಜಾಸ್ತಿ. ನಾನು ಹಚ್ಚುವಾಗಲೇ ಅದನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.