ಸಮಾಜಕಾರ್ಯ ಓದುವವರು ಕಾಲೇಜಿನ ಕಲಿಕಾ ಬಳಗಕ್ಕೆ ಸೇರಬೇಕೇ?

ಎನ್‌ಎಸ್‌ಎಸ್‌ನಲ್ಲಿ ಈಗಾಗಲೇ ಇರುವಾಗ, ಸಮಾಜಕಾರ್ಯ, ನರ್ಸಿಂಗ್ ಮತ್ತು ಮನಃಶಾಸ್ತ್ರದ ವಿದ್ಯಾರ್ಥಿಗಳು ಶನಿವಾರಗಳಂದು ಸೇರುವ ಕಲಿಕಾ ಬಳಗಕ್ಕೂ ಹೋಗಿ ಓದಿನ ಸಮಯ ಕಳೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. 2019ರಲ್ಲಿ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷದಲ್ಲಿ, ನಾನೂ ಇದೇ ಲೆಕ್ಕ ಹಾಕಿ ಬಳಗವನ್ನು ಬಿಟ್ಟಿದ್ದೆ.

ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದ ಹಳ್ಳಿಯಲ್ಲಿ ಗಾರೆ ಕೆಲಸದವರೊಬ್ಬರು ಸೊಂಟದ ಕೀಲು ಸವೆದು ಮನೆ ಹಿಡಿದಿದ್ದರು. ಅವರ ಹೆಂಡತಿ ಬಟ್ಟೆ ಅಂಗಡಿಯ ಕವರಿನಿಂದ ಬಿಪಿಎಲ್ ಕಾರ್ಡು, ಆಧಾರ್ ಮತ್ತು ಅಂಚು ಮಡಚಿಹೋದ ಎಕ್ಸ್‌ರೇಯನ್ನು ಒಂದೊಂದಾಗಿ ತೆಗೆದು ನನ್ನ ಮುಂದಿಟ್ಟರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವೆಂಬುದಷ್ಟು ನನಗೆ ಗೊತ್ತಿತ್ತು. "ಕಾರ್ಡು ತೋರಿಸಿದರೆ ಸಾಕಮ್ಮ, ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ" ಎಂದು ಹೇಳಿ, ಯೋಜನೆಗೆ ನೋಂದಾಯಿಸಿಕೊಂಡಿದ್ದ ಖಾಸಗಿ ಆಸ್ಪತ್ರೆಯೊಂದಕ್ಕೆ ಅವರನ್ನು ಕಳುಹಿಸಿಬಿಟ್ಟೆ.

ತುರ್ತಲ್ಲದ ಇಂಥ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿ ಆ ಸೌಲಭ್ಯವಿಲ್ಲವೆಂದಾದರೆ ವೈದ್ಯರು ರೆಫರಲ್ ಪತ್ರ ಬರೆದುಕೊಡುತ್ತಿದ್ದರು. ಆ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಯವರು ಯೋಜನೆಯಡಿ ದಾಖಲಿಸಿಕೊಳ್ಳುವಂತಿರಲಿಲ್ಲ. ಕಿವಿಯೋಲೆ ಅಡವಿಟ್ಟು ಬಾಡಿಗೆ ಕಾರಿನಲ್ಲಿ ಹೋದ ಆ ದಂಪತಿ ಸಂಜೆ ಹಾಗೆಯೇ ಮರಳಿದರು. ಮರುವಾರ ನಾನು ಜಿಲ್ಲಾಸ್ಪತ್ರೆಗೆ ಹೋಗೋಣವೆಂದಾಗ ಆಕೆ, "ಬೇಡಪ್ಪ, ಇನ್ನು ಓಡಾಡೋ ಶಕ್ತಿ ಇಲ್ಲ" ಎಂದು ಹೇಳಿ ಒಳಗೆ ಹೋದರು. ಅವರು ಮತ್ತೆ ಹೊರಡಲು ನಾಲ್ಕು ತಿಂಗಳು ಹಿಡಿಯಿತು, ಅದೂ ಆಶಾ ಕಾರ್ಯಕರ್ತೆಯೊಬ್ಬರ ಮಾತಿಗೆ.

ಮೊದಲ ವರ್ಷದವನಿಗೆ ಆ ನಿಯಮ ತಿಳಿಯದಿರುವುದು ಸಹಜ. ತಿಳಿದವರು ನಮ್ಮ ಕಾಲೇಜು ಕಟ್ಟಡದ ಮೇಲಿನ ಮಹಡಿಯಲ್ಲೇ, ಬಳಗದಲ್ಲಿ, ಕುಳಿತಿದ್ದಾಗ ನಾನು ಕೇಳದೆ ಹೋದದ್ದನ್ನು ಮಾತ್ರ ಇಂದಿಗೂ ಕ್ಷಮಿಸಿಕೊಳ್ಳಲಾರೆ. ಜಿಲ್ಲಾಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಬಳಗಕ್ಕೆ ತಪ್ಪದೆ ಬರುತ್ತಿದ್ದರು, "ರೆಫರಲ್ ಮಾಡಿಸಿದಿರಾ?" ಎಂಬ ಅವರ ಒಂದು ಪ್ರಶ್ನೆ ಸಾಕಾಗುತ್ತಿತ್ತು. ಆ ಹೊತ್ತಿನಲ್ಲಿ ನಾನು ಗ್ರಂಥಾಲಯದಲ್ಲಿ ಸಂಶೋಧನಾ ವಿಧಾನದ ನೋಟ್ಸ್ ಬರೆಯುತ್ತಿದ್ದೆ. ಒಬ್ಬನೇ ನಿಂತು ಆ ಕುಟುಂಬವನ್ನು ದಡ ಸೇರಿಸಬೇಕೆಂಬ ಆಸೆಯೂ ನನಗಿತ್ತು.

ಆದ್ದರಿಂದ ಬಳಗವೆಂದರೆ ಓದಿನ ಸಮಯವನ್ನು ತಿನ್ನುವ ಹೆಚ್ಚುವರಿ ಚಟುವಟಿಕೆ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ನಮ್ಮ ಓದಿನ ಅರ್ಧ ಭಾಗ ಇರುವುದೇ ಅಲ್ಲಿ. ಎನ್‌ಎಸ್‌ಎಸ್‌ನ ವರ್ಷದ 120 ಗಂಟೆಗಳನ್ನೂ 7 ದಿನಗಳ ಶಿಬಿರವನ್ನೂ ನಾನು ಗೌರವಿಸುತ್ತೇನೆ, ಆದರೆ ಒಂದು ಮನೆಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಬೇರೆ ಬೇರೆ ವಿಭಾಗದವರು ಚರ್ಚಿಸುವ ಕೆಲಸ ನನಗೆ ಅಲ್ಲಿ ಸಿಗಲಿಲ್ಲ. ನಿಮ್ಮ ಬಳಗದಲ್ಲಿ ಬರೀ ಅತಿಥಿ ಭಾಷಣ, ಹಾರ, ಫೋಟೋ ಇಷ್ಟೇ ಆಗಿದ್ದರೆ ಅದನ್ನು ಬಿಟ್ಟು, ಬೇರೆ ಬೇರೆ ವಿಭಾಗಗಳ ಐದು ಜನರನ್ನು ನೀವೇ ಸೇರಿಸಿ. ಕ್ಷೇತ್ರಕಾರ್ಯದ ಡೈರಿಯನ್ನು ಜೊತೆಗೆ ಒಯ್ಯಿರಿ, ಕುಟುಂಬದ ಹೆಸರು ಹೇಳದೆ, ನಿಮಗೆ ದಾರಿ ತೋಚದ ಪ್ರಕರಣವನ್ನೇ ಮೊದಲು ಓದಿ.