ಓದುಗರ ಪ್ರಶ್ನೆ: ದಾಖಲೆಗಳಲ್ಲೇ ಒಂದು ಕಥೆ

ಪ್ರಶ್ನೆ: ಚಾಟ್, ಇಮೇಲ್, ತನಿಖಾ ವರದಿಗಳಲ್ಲೇ ಸಾಗುವ ವಿಜ್ಞಾನ ಕಾದಂಬರಿಗಳ ಹುಚ್ಚು ಹಿಡಿದಿದೆ. ಕೊಡಗಿನಲ್ಲಿ ನಡೆಯುವ ಅಂಥದ್ದೊಂದು ಬರೆಯಬೇಕು. ಎಲ್ಲಿಂದ ಶುರು ಮಾಡಲಿ?
– ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ದಿನಾಂಕಗಳಿಂದ. ನಡೆದದ್ದನ್ನೆಲ್ಲ ಮೊದಲು ಒಂದೇ ಹಾಳೆಯಲ್ಲಿ ದಿನ, ಗಂಟೆ ಸಮೇತ ಬರೆದುಕೊಳ್ಳಿ. ಆಮೇಲೆ ಪ್ರತಿ ಘಟನೆಗೂ ಕೇಳಿ: ಇದನ್ನು ಯಾರು, ಯಾರಿಗಾಗಿ ಬರೆದಿಟ್ಟರು? ಉತ್ತರ ಸಿಗದಿದ್ದರೆ ಆ ದಾಖಲೆ ಬೇಡ.

ಸಾಮಗ್ರಿಗೆ ನಿಮ್ಮಲ್ಲಿ ಬರವಿಲ್ಲ. ಕಾಫಿ ತೋಟದ ಮಳೆ ಪುಸ್ತಕವನ್ನೇ ನೋಡಿ. ಲೆಕ್ಕ ಇಂಚು-ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ), ವಾಕ್ಯಗಳೇ ಇಲ್ಲ. ಜುಲೈನಲ್ಲಿ ದಿನವೂ ಮೂರು-ನಾಲ್ಕು ಇಂಚು, ನಡುವೆ ಒಂದು ದಿನ 0.00, ಮರುದಿನದಿಂದ ಬೇರೆಯವರ ಕೈಬರಹ: ಓದುಗರ ಎದೆ ಝಲ್ಲೆನ್ನಲು ಇಷ್ಟು ಸಾಕು. ಅಂಕಿ ಮಾತ್ರ ತಪ್ಪಬಾರದು. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. 2,900 ಎಂದು ಬರೆದರೆ ಕುಶಾಲನಗರದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. (ಅಣೆಕಟ್ಟೇ ಮುಳುಗುವ ಕಥೆಯಾದರೆ ಮಾತು ಬೇರೆ!)

ಹೆಚ್ಚಿನವರು ಎಡವುವುದು ಚಾಟ್‌ನಲ್ಲಿ. ಅಣ್ಣ ತಂಗಿಗೆ 'ನಮ್ಮ ಅಪ್ಪ ಅರಣ್ಯ ಇಲಾಖೆಯಲ್ಲಿದ್ದಾರಲ್ಲ' ಎನ್ನುತ್ತಾನೆ. ಇಬ್ಬರಿಗೂ ಗೊತ್ತಿರುವುದನ್ನು ಯಾರು ಟೈಪ್ ಮಾಡುತ್ತಾರೆ? ಇಲಾಖೆಯ ನೋಟಿಸೊಂದರ ಕೆಳಗೆ ಅಪ್ಪನ ಸಹಿ ಹಾಕಿಸಿಬಿಡಿ.